ಶಾಲು ಸಾಕು, ಎರಡು ಗಂಟೆ ಕೊಡಿ

ಮೊನ್ನೆ ಒಂದು ಹಿರಿಯ ನಾಗರಿಕರ ದಿನಾಚರಣೆಗೆ ಹೋಗಿ ಬಂದಾಗಿನಿಂದ ಒಳಗೊಳಗೇ ಕುದೀತಾ ಇದ್ದೀನಿ. ಬರೆದು ಯಾಕೆ ಇಲ್ಲದ ತಂಟೆ ಅಂತ ಸುಮ್ಮನಿದ್ದೆ. ಇವತ್ತು ಬೆಳಿಗ್ಗೆ ಅಲ್ಲಿನ ಮುಖ್ಯ ಅತಿಥಿಗಳ ಭಾಷಣದ ವಿಡಿಯೋ ತಿರುಗಾಡ್ಕೊಂಡು ನಮ್ಮ ಫ್ಯಾಮಿಲಿ ಗ್ರೂಪಿಗೇ ಬಂತು. ಕೆಳಗೆ ನನ್ನ ನಾದಿನಿ ಕೈಮುಗಿಯೋ ಎಮೋಜಿ ಸಾಲಾಗಿ ಹಾಕಿದ್ದಾಳೆ. ಇನ್ನು ತಡೆಯೋಕಾಗಲ್ಲ, ಓದೋಷ್ಟು ಪುರುಸೊತ್ತಿರೋರು ಓದಿ.

ನಮ್ಮತ್ತೆ ನಿಮಗೆ ಗೊತ್ತಲ್ಲ, ಈ ಫ್ರೆಂಡ್ ಲಿಸ್ಟಲ್ಲಿರೋ ಕೆಲವರ ಕಿವಿ ಹಿಂಡಿದ ಟೀಚರ್ರೇ. ಸ್ಟ್ರೋಕ್ ಆಗಿದ್ದು, ಎಡಗೈ ಎಡಗಾಲು ಹೋಗಿದ್ದು, ಆಮೇಲೆ ಮರೆವು ಹತ್ತಿದ್ದು ಎಲ್ಲ ಹಳೇ ಸುದ್ದಿ. ಅವರಿಗೆ ಸನ್ಮಾನ ಮಾಡ್ತೀವಿ, ಕರ್ಕೊಂಡು ಬನ್ನಿ ಅಂತ ಸಂಘದವರು ಮನೆಗೇ ಬಂದ್ರು. ಅವರು ಒರಗಿಕೊಂಡು ಕೂರೋದೇ ಹೆಚ್ಚೆಂದ್ರೆ ಅರ್ಧ ಗಂಟೆ, ಆಗಲ್ಲ ಅಂದೆ. "ಹಾಗಾದ್ರೆ ನೀವೇ ಬನ್ನಿ ಮೇಡಂ, ಅವರ ಪರವಾಗಿ" ಅಂದ್ರು. ಒಳ್ಳೇ ಮನಸ್ಸಿಂದ ಕರೀತಾರೆ, ಯಾಕೆ ಬೇಡ ಅನ್ನೋದು ಅಂತ ಬ್ಯಾಂಕಿಗೆ ಅರ್ಧ ದಿನ ರಜೆ ಹಾಕಿ ಹೋದೆ.

ಹಿರಿಯರ ಕಾರ್ಯಕ್ರಮ. ಸಭಾಂಗಣ ಮೊದಲನೇ ಮಹಡಿಯಲ್ಲಿ. ಲಿಫ್ಟ್ ಇಲ್ಲ. ಟಾಯ್ಲೆಟ್ ಕೆಳಗೆ, ಕಟ್ಟಡದ ಹಿಂದೆ. ಹತ್ತೂವರೆ ಅಂದಿದ್ದು ಮುಖ್ಯ ಅತಿಥಿಗಳು ಬರೋ ಹೊತ್ತಿಗೆ ಹನ್ನೆರಡು. ನನ್ನ ಪಕ್ಕ ಪ್ಲಾಸ್ಟಿಕ್ ಕುರ್ಚೀಲಿ ಕೂತಿದ್ದ ಅಜ್ಜ ಒಬ್ಬರಿಗೆ ನೀರಿನ ಬಾಟಲಿ ಕೊಡೋಕೆ ಹೋದೆ. ಬೇಡಮ್ಮ, ಬೆಳಿಗ್ಗೆಯಿಂದ ಕುಡಿದಿಲ್ಲ, ಕುಡಿದ್ರೆ ಮೆಟ್ಟಿಲು ಇಳೀಬೇಕಾಗುತ್ತೆ ಅಂದ್ರು. ಎಂಬತ್ತು ದಾಟಿದ ಮನುಷ್ಯ ಬಾಯಾರಿಕೆ ಕಟ್ಕೊಂಡು ಕೂತಿದ್ದು, ತನ್ನ ಬಗ್ಗೆಯೇ ಇರೋ ಭಾಷಣ ಕೇಳೋಕೆ.

ಮುಖ್ಯ ಅತಿಥಿಗಳ ಭಾಷಣ ಏನು ಅಂತ ನೀವು ಊಹಿಸಿರ್ತೀರಿ. ಶ್ರವಣಕುಮಾರ. "ಕಾವಡೀಲಿ ತಂದೆತಾಯಿಯನ್ನ ಹೊತ್ತು ತೀರ್ಥಯಾತ್ರೆ ಮಾಡಿಸಿದ ನಾಡು ಇದು. ಇವತ್ತಿನ ಮಕ್ಕಳಿಗೆ ಹೆತ್ತವರು ಹೊರೆ. ವೃದ್ಧಾಶ್ರಮಗಳು ಹೆಚ್ತಿರೋದು ನಮ್ಮ ಸಂಸ್ಕೃತಿಗೇ ಅವಮಾನ." ಚಪ್ಪಾಳೆ. ಆಮೇಲೆ ಅತ್ತೆ ಹೆಸರು ಕೂಗಿದಾಗ ನಾನು ವೇದಿಕೆ ಹತ್ತಿದೆ, ಹಾರ, ಶಾಲು, ಹಣ್ಣಿನ ಬುಟ್ಟಿ ಎಲ್ಲ ಆಯ್ತು. ಮೈಕ್ ಇನ್ನೂ ಕೈಯಲ್ಲೇ ಇತ್ತು ಆಸಾಮಿಗೆ. "ನೋಡಿ, ಇಂಥ ದಿನಾನಾದ್ರೂ ಹಿರಿಯರನ್ನ ಕರ್ಕೊಂಡು ಬರೋಷ್ಟು ವ್ಯವಧಾನ ನಮ್ಮವರಿಗಿಲ್ಲ" ಅಂದ್ರು. ನಾನು ಶಾಲು ಹೊದ್ಕೊಂಡು ಹಲ್ಲು ಬಿಡ್ತಾ ನಿಂತಿದ್ದ ಫೋಟೋನೂ ಬಂದಿದೆ. ಬೇಕಾದ್ರೆ ನೋಡಿ, ನಗು ಎಷ್ಟು ಚೆನ್ನಾಗಿದೆ.

ಸ್ವಾಮಿ, ಶ್ರವಣಕುಮಾರನ ಕಥೆ ಪೂರ್ತಿ ಹೇಳಿ. ನೀರು ತರೋಕೆ ಹೋದ, ದಶರಥನ ಬಾಣ ತಾಗಿ ಸತ್ತ. ಮುಂದೆ? ಕಣ್ಣಿಲ್ಲದ ಅಪ್ಪ ಅಮ್ಮ ಅಲ್ಲೇ ಕೊರಗಿ ಪ್ರಾಣ ಬಿಟ್ರು. ಹೊರೋನು ಒಬ್ಬನೇ, ಅವನು ಬಿದ್ದ ದಿನ ಕಾವಡೀನೂ ಬಿತ್ತು. ಇದನ್ನ ಆದರ್ಶ ಅಂತ ಹೇಳ್ತೀರಲ್ಲ, ನನಗಂತೂ ಇದು ಎಚ್ಚರಿಕೆ ಥರ ಕೇಳುತ್ತೆ. ನಾನು ನಾಳೆ ಜ್ವರ ಬಂದು ಮಲಗಿದ್ರೆ ನಮ್ಮತ್ತೆಯ ಮಗ್ಗುಲು ಬದಲಿಸೋರು ಯಾರು? ಇಷ್ಟೇ ನನ್ನ ಪ್ರಶ್ನೆ. ಹಿರಿಯರ ಬಗ್ಗೆ ಮಾತಾಡೋ ಯಾವ ವೇದಿಕೇಲೂ ಇದನ್ನ ಯಾರೂ ಎತ್ತಲ್ಲ.

ಯೋಜನೆಗಳಿಲ್ವಾ ಅಂತೀರಾ? ಇವೆ, ನಾನೇ ಕಲೆಹಾಕಿ ಎಷ್ಟು ಜನಕ್ಕೆ ಕಳಿಸಿದ್ದೀನಿ. 14567 ಅನ್ನೋ ಎಲ್ಡರ್‌ಲೈನ್, ಹಿರಿಯರ ಸಹಾಯವಾಣಿ ಇದೆ, ಬೆಳಿಗ್ಗೆ ಎಂಟರಿಂದ ರಾತ್ರಿ ಎಂಟರ ತನಕ, ಹಣ ಕೊಡಬೇಕಿಲ್ಲ. ಮನೆಯಿಂದ ಹೊರಗೆ ಹಾಕಿದ್ದಾರೆ, ಹೊಡೀತಾರೆ ಅಂತಾದ್ರೆ ದಯವಿಟ್ಟು ಫೋನ್ ಮಾಡಿ. 2007ರ ಪೋಷಕರ ಮತ್ತು ಹಿರಿಯ ನಾಗರಿಕರ ಕಾಯ್ದೆ ಇದೆ, ಉಪವಿಭಾಗಾಧಿಕಾರಿ ಹತ್ರ ಅರ್ಜಿ ಕೊಟ್ರೆ ಮಕ್ಕಳಿಂದ ತಿಂಗಳಿಗೆ 10,000 ರೂಪಾಯಿ ತನಕ ಜೀವನಾಂಶ ಕೊಡಿಸಬಹುದು. ನೋಡ್ಕೋಬೇಕು ಅನ್ನೋ ಷರತ್ತು ಹಾಕಿ ಮಗನಿಗೆ ಮನೆ ದಾನಪತ್ರ ಮಾಡಿಕೊಟ್ಟು, ಅವನು ನೋಡ್ಕೊಳ್ಳದಿದ್ರೆ ಆ ಪತ್ರವನ್ನೇ ರದ್ದು ಮಾಡಿಸಬಹುದು. ಒಳ್ಳೇ ಕಾನೂನು, ನಾನು ಬೈಯಲ್ಲ. ಆದ್ರೆ ಗಮನಿಸಿ. ಅಪ್ಪ ಅಮ್ಮನ್ನ ಎಲ್ಲೋ ಬಿಟ್ಟು ಬಂದೋನಿಗೆ ಮೂರು ತಿಂಗಳ ತನಕ ಜೈಲು, 5,000 ರೂಪಾಯಿ ತನಕ ದಂಡ ಅಂತ ಅದರಲ್ಲಿದೆ. ಬಿಡದೇ ಇದ್ದೋನ ಬಗ್ಗೆ ಒಂದು ಸಾಲೂ ಇಲ್ಲ. ಬಿಟ್ಟರೆ ಸರ್ಕಾರಕ್ಕೆ ನಾವು ಕಾಣ್ತೀವಿ, ಇಟ್ಕೊಂಡ್ರೆ ಕಾಣಲ್ಲ.

70 ದಾಟಿದೋರಿಗೆಲ್ಲ ಆಯುಷ್ಮಾನ್ ಆರೋಗ್ಯ ವಿಮೆ ಅಂತ 2024ರಲ್ಲಿ ಕೇಂದ್ರ ಘೋಷಣೆ ಮಾಡ್ತು, ಐದು ಲಕ್ಷದ ತನಕ. ಅದು ಆಸ್ಪತ್ರೇಲಿ ಅಡ್ಮಿಟ್ ಆದ್ರೆ. ಅಡ್ಮಿಟ್ ಆಗದ ಹಾಗೆ ಮನೇಲಿ ನೋಡ್ಕೊಂಡ್ರೆ? ಬೆಡ್‌ಸೋರ್ (ಮಲಗಿ ಮಲಗಿ ಆಗೋ ಹುಣ್ಣು) ಆಗಬಾರದು ಅಂತ ಎರಡು ಗಂಟೆಗೊಮ್ಮೆ ಹೊರಳಿಸಿ, ಗಂಜಿ ನೆತ್ತಿಗೇರಿ ನ್ಯುಮೋನಿಯಾ ಆಗಬಾರದು ಅಂತ ಗದ್ದ ತಗ್ಗಿಸಿ ಹಿಡಿದು ಚಮಚ ಚಮಚ ಕುಡಿಸಿ, ಐದು ಲಕ್ಷದ ಬಿಲ್ ಆಗದೇ ಇರೋ ಹಾಗೆ ಮಾಡ್ತೀವಲ್ಲ, ಅದಕ್ಕೆ ಯಾವ ಕಾರ್ಡೂ ಇಲ್ಲ. ಇಲ್ಲ ಇಲ್ಲ, ಒಂದು ಸಿಕ್ಕಿದೆ. 2025ರ ಸೆಪ್ಟೆಂಬರಲ್ಲಿ ಡೈಪರ್ ಮೇಲಿನ ಜಿಎಸ್‌ಟಿ 12ರಿಂದ 5ಕ್ಕೆ ಇಳೀತು. ಸಿಹಿ ಹಂಚಿದ್ವಿ.

(ಅಂದ ಹಾಗೆ ಸನ್ಮಾನದ ಶಾಲುಗಳು. ಮನೇಲಿ ಒಂದು ರಾಶಿ ಇದೆ. ಹೊದ್ದರೆ ಬೆಚ್ಚಗಾಗಲ್ಲ, ಹಾಸಿದರೆ ನೀರು ಹೀರಲ್ಲ. ಮುಂದಿನ ಸಲ ಅದೇ ದುಡ್ಡಲ್ಲಿ ಹಾಸಿಗೆ ಒದ್ದೆಯಾಗದ ಹಾಗೆ ಹಾಸೋ ಅಂಡರ್‌ಪ್ಯಾಡ್ ಒಂದು ಪ್ಯಾಕೆಟ್ ಕೊಡಿ, ಹಾರದ ಜೊತೆಗೇ ವೇದಿಕೆ ಮೇಲೆ ಇಸ್ಕೊಳ್ತೀನಿ. ನನಗೇನೂ ನಾಚಿಕೆ ಇಲ್ಲ.)

ರಜೆ ವಿಷಯಕ್ಕೆ ಬರೋಣ. ಮಕ್ಕಳನ್ನ ನೋಡ್ಕೊಳ್ಳೋಕೆ ಕೇಂದ್ರ ಸರ್ಕಾರಿ ಮಹಿಳಾ ನೌಕರರಿಗೆ ಇಡೀ ಸೇವೆಯಲ್ಲಿ 730 ದಿನ ಶಿಶುಪಾಲನಾ ರಜೆ ಇದೆ. ಬೇಕೇ ಬೇಕು, ಸಂತೋಷ. ಹಾಗಾದ್ರೆ ವಯಸ್ಸಾದ ಅಪ್ಪ ಅಮ್ಮನ್ನ ನೋಡ್ಕೊಳ್ಳೋಕೆ? 2025ರ ಜುಲೈನಲ್ಲಿ ರಾಜ್ಯಸಭೇಲಿ ಇದೇ ಪ್ರಶ್ನೆ ಬಂತು. ಸಚಿವರ ಉತ್ತರ: ವರ್ಷಕ್ಕೆ 30 ದಿನ ಗಳಿಕೆ ರಜೆ, 20 ದಿನ ಅರ್ಧ ವೇತನ ರಜೆ, 8 ದಿನ ಸಾಂದರ್ಭಿಕ ರಜೆ, 2 ದಿನ ನಿರ್ಬಂಧಿತ ರಜೆ ಇವೆ, ವೈಯಕ್ತಿಕ ಕಾರಣ ಯಾವುದಕ್ಕಾದ್ರೂ ತಗೋಬಹುದು, ಪೋಷಕರ ಆರೈಕೆಗೂ. ಮಾರನೇ ದಿನ ಪೇಪರಲ್ಲಿ "ಪೋಷಕರ ಆರೈಕೆಗೆ 30 ದಿನ ರಜೆ" ಅಂತ ಹೆಡ್‌ಲೈನ್! ನನಗೂ ಹತ್ತು ಜನ ಫಾರ್ವರ್ಡ್ ಮಾಡಿದ್ರು, ಕಂಗ್ರಾಟ್ಸ್ ಅಂತ. ಅಲ್ರೀ, ಮೊದಲಿಂದ ಇದ್ದ ರಜೆಗೇ ಹೊಸ ಅಂಗಿ ತೊಡಿಸಿದ್ದು ಅದು. ನಾನು ಸರ್ಕಾರಿ ನೌಕರಳೂ ಅಲ್ಲ ಬಿಡಿ, ಸಹಕಾರಿ ಬ್ಯಾಂಕಿನೋಳು.

ಬ್ಯಾಂಕು ಅಂದ ಮೇಲೆ ನಮ್ಮ ಕಸುಬಿನೋರಿಗೂ ಒಂದು ಏಟು ಇರಲಿ. ನವೆಂಬರ್ ಬಂತು ಅಂದ್ರೆ ಪಿಂಚಣಿದಾರರು ಬದುಕಿದ್ದೀವಿ ಅಂತ ತೋರಿಸೋ ಜೀವನ ಪ್ರಮಾಣ ಪತ್ರದ ಜಾತ್ರೆ. ಹೋದ ವರ್ಷ ಒಂದು ಬ್ಯಾಂಕಿನ ಮುಂದೆ (ನಮ್ಮದಲ್ಲ, ಹೆಸರು ಬೇಡ) ಹಾಸಿಗೆ ಹಿಡಿದ ಅಪ್ಪನ್ನ ಮಗ ಆಟೋದಲ್ಲಿ ಹಾಕ್ಕೊಂಡು ಬಂದು ನಿಲ್ಲಿಸಿದ್ದ. "ಮುಖ ತೋರಿಸಬೇಕಂತೆ ಮೇಡಂ." 70 ದಾಟಿದೋರಿಗೆ, ನಡೆಯೋಕಾಗದೋರಿಗೆ ಮನೆ ಬಾಗಿಲಿಗೇ ಸೇವೆ ಕೊಡಿ, ಜೀವನ ಪ್ರಮಾಣ ಪತ್ರಾನೂ ಸೇರಿ, ಅಂತ ರಿಸರ್ವ್ ಬ್ಯಾಂಕ್ 2017ರಲ್ಲೇ ಸುತ್ತೋಲೆ ಹೊರಡಿಸಿದೆ. ಸಹಿ ಮಾಡೋಕಾಗದ ಪಿಂಚಣಿದಾರರು ಹಣ ತೆಗೆಯೋಕೆ ಹೆಬ್ಬೆಟ್ಟು, ಅದೂ ಆಗದಿದ್ರೆ ಕಾಲಿನ ಹೆಬ್ಬೆರಳ ಗುರುತು, ಇಬ್ಬರು ಸಾಕ್ಷಿ, ಅದರಲ್ಲೊಬ್ಬರು ಬ್ಯಾಂಕಿನ ಅಧಿಕಾರಿ ಅಂತ ನಿಯಮ ಇದೆ. ಪ್ರಮಾಣ ಪತ್ರ ಪೋಸ್ಟ್‌ಮ್ಯಾನ್ ಕೂಡ ಮನೆಗೆ ಬಂದು ಮಾಡಿಕೊಡ್ತಾನೆ, ಮುಖ ಸ್ಕ್ಯಾನ್ ಮಾಡೋ ಆ್ಯಪ್ ಮೊಬೈಲಲ್ಲೇ ಇದೆ. ಕೇಳದಿದ್ರೆ ಹೇಳೋರಿಲ್ಲ, ಕೇಳಬೇಕು ಅಂತ ಗೊತ್ತಿರೋರು ಆಟೋದಲ್ಲಿ ಬರಲ್ಲ. ಮಗ ಆವತ್ತು ಕೂಲಿ ಬಿಟ್ಟು ಬಂದಿದ್ದ.

ಈಗ ಮಾಮೂಲಿ ಕಾಮೆಂಟಿಗೆ ಮೊದಲೇ ಉತ್ತರ ಕೊಟ್ಟುಬಿಡ್ತೀನಿ. "ಹಿಂದೆಲ್ಲ ಕೂಡು ಕುಟುಂಬದಲ್ಲಿ ಇದು ಸಮಸ್ಯೆಯೇ ಆಗಿರಲಿಲ್ಲ." ಹೌದಪ್ಪ, ಆಗಿರಲಿಲ್ಲ. ಸ್ಟ್ರೋಕ್ ಆದೋರು ಇಷ್ಟು ವರ್ಷ ಬದುಕ್ತಾ ಇರಲಿಲ್ಲ ಅನ್ನೋದು ಒಂದು. ಇನ್ನೊಂದು, ಆ ಮನೆಗಳಲ್ಲಿ ಸಣ್ಣ ವಯಸ್ಸಿಗೇ ಗಂಡನ್ನ ಕಳಕೊಂಡ ಒಬ್ಬ ಚಿಕ್ಕಮ್ಮನೋ ಅತ್ತೆಯೋ ಇರ್ತಿದ್ಲು. ಎಲ್ಲರ ಮಲ ಬಳಿದು, ಎಲ್ಲರ ಬಾಣಂತನ ಮಾಡಿ, ಹಿತ್ತಲ ಕೋಣೇಲಿ ಮಲಗ್ತಿದ್ದೋಳು. ಕೂಡು ಕುಟುಂಬ ಅಂತ ನೀವು ನೆನೆಸ್ಕೊಂಡು ಕಣ್ಣೀರು ಹಾಕ್ತೀರಲ್ಲ, ಅದು ಅವಳೊಬ್ಬಳ ದುಡಿಮೆ. ಅವಳ ಮುಪ್ಪಿನಲ್ಲಿ ಅವಳನ್ನ ಯಾರು ನೋಡ್ಕೊಂಡ್ರು ಅಂತ ನಿಮ್ಮನೇಲಿ ಕೇಳಿ ನೋಡಿ.

ಈಗಿನ ಕಾಲಕ್ಕೂ ದೊಡ್ಡ ಬದಲಾವಣೆ ಇಲ್ಲ. ಕೇಂದ್ರದ 2024ರ ಸಮಯ ಬಳಕೆ ಸಮೀಕ್ಷೆ ಪ್ರಕಾರ 15ರಿಂದ 59 ವಯಸ್ಸಿನ ಹೆಂಗಸರಲ್ಲಿ 41 ಪರ್ಸೆಂಟ್ ಮನೆಯವರ ಆರೈಕೆ ಮಾಡ್ತಾರೆ, ಮಕ್ಕಳದ್ದೂ ಸೇರಿ, ದಿನಕ್ಕೆ 140 ನಿಮಿಷ. ಗಂಡಸರಲ್ಲಿ 21.4 ಪರ್ಸೆಂಟ್, 74 ನಿಮಿಷ. ನಮ್ಮನೇಲಿ ಈ ಲೆಕ್ಕ ಸ್ವಲ್ಪ ಉಲ್ಟಾ, ಸುಳ್ಳು ಹೇಳಬಾರದು. ರಾತ್ರಿ ಪಾಳಿ ನಮ್ಮವರದ್ದೇ. ಮೂರು ಗಂಟೆ ಹೊತ್ತಿಗೆ ಅತ್ತೆಗೆ ಎಚ್ಚರ ಆಗುತ್ತೆ. ಬಲಗೈಯಲ್ಲಿ ಬೆಡ್‌ಶೀಟಿನ ಅಂಚು ಮಡಚಿ ಮಡಚಿ ಪುಸ್ತಕ ಮಾಡ್ಕೊಂಡು ಹಾಜರಿ ಕರೆಯೋಕೆ ಶುರು ಮಾಡ್ತಾರೆ. ನಮ್ಮ ಹೆಸರು ಬಾಯಿಗೆ ಬರಲ್ಲ, ಯಾವುದೋ ಕಾಲದ ನಾಲ್ಕನೇ ಕ್ಲಾಸಿನ ಮಕ್ಕಳ ಹೆಸರು ಇನಿಷಿಯಲ್ ಸಮೇತ ಬರುತ್ತೆ. ಉತ್ತರ ಬರದಿದ್ರೆ ಕೋಪ ಬಂದು ಮಂಚದಿಂದ ಇಳಿಯೋಕೆ ಹೋಗ್ತಾರೆ, ಬಿದ್ರೆ ಸೊಂಟ ಮುರೀತು ಅಂತಲೇ ಲೆಕ್ಕ. ಅದಕ್ಕೇ ಐವತ್ತೆಂಟರ ಈ ಮನುಷ್ಯ ಚಾಪೆ ಮೇಲೆ ಕಣ್ಣು ಮುಚ್ಚಿಕೊಂಡೇ ಒಂದೊಂದು ಹೆಸರಿಗೆ ಒಂದೊಂದು ದನೀಲಿ "ಹಾಜರ್ ಟೀಚರ್", "ಹಾಜರ್ ಟೀಚರ್" ಅಂತಿರ್ತಾರೆ. ಹುಡುಗಿ ಹೆಸರು ಬಂದ್ರೆ ದನಿ ಸಣ್ಣ ಮಾಡ್ತಾರೆ. ಬಂದೋರೆಲ್ಲ "ಎಂಥಾ ಮಗ!" ಅಂತ ಕಣ್ಣೊರೆಸ್ಕೊಳ್ತಾರೆ. ಹಗಲು ಪಾಳಿಯವಳಿಗೆ "ಕಾಫಿ ಸ್ವಲ್ಪ ಸ್ಟ್ರಾಂಗ್ ಇರಲಿ" ಅಂತಾರೆ.

ದುಡ್ಡು ಕೊಟ್ಟು ಆಯಾನ್ನ ಇಟ್ಕೊಳ್ಳಿ ಅನ್ನೋ ಸಲಹೆಗಾರರೇ, ಇಟ್ಕೊಂಡಿದ್ವಿ. ಬ್ಯೂರೋಗೆ ಕಮಿಷನ್, ಅವಳಿಗೆ ತಿಂಗಳಿಗೆ ಹದಿನೆಂಟು ಸಾವಿರ, ಊಟ ವಸತಿ. ಬಂಗಾರದಂಥ ಹುಡುಗಿ. ಜಾತ್ರೆಗೆ ಅಂತ ಊರಿಗೆ ಹೋದೋಳು ವಾಪಸ್ ಬರಲಿಲ್ಲ. ನಾನು ಬೈಕೊಂಡು ಫೋನ್ ಮಾಡಿದ್ರೆ, "ಅಕ್ಕಾ, ನಮ್ಮವ್ವಗ ಲಕ್ವಾ ಹೊಡದೈತ್ರಿ, ನೋಡಾಕ ಯಾರೂ ಇಲ್ರಿ" ಅಂದ್ಲು. ಏನು ಹೇಳಲಿ? ನಮ್ಮತ್ತೆಯನ್ನ ನೋಡ್ಕೊಳ್ಳೋಕೆ ತನ್ನ ಅವ್ವನ್ನ ಬಿಟ್ಟು ಬಂದಿದ್ದೋಳು ಅವಳು.

ಪಕ್ಕದ ಕೇರಳದಲ್ಲಿ ಹಾಸಿಗೆ ಹಿಡಿದೋರನ್ನ ನೋಡ್ಕೊಳ್ಳೋರಿಗೆ ಅಂತಲೇ ಆಶ್ವಾಸಕಿರಣಂ ಅಂತ ಯೋಜನೆ ಇದೆ, ತಿಂಗಳಿಗೆ 600 ರೂಪಾಯಿ. ಆರುನೂರಕ್ಕೆ ಏನು ಬರುತ್ತೆ ಅಂತ ನಗಬೇಡಿ. ಸರ್ಕಾರದ ಪುಸ್ತಕದಲ್ಲಿ "ಇವಳೊಬ್ಬಳು ಇದ್ದಾಳೆ" ಅಂತ ಬರೆದಿದೆ, ಅದು ನನಗೆ ಮುಖ್ಯ. ಅಲ್ಲಿ ಪಂಚಾಯ್ತಿ ಕಡೆಯಿಂದ ಪ್ಯಾಲಿಯೇಟಿವ್ (ನೋವು ಕಡಿಮೆ ಮಾಡೋ ಆರೈಕೆಯ) ನರ್ಸ್ ಮನೆಗೆ ಬಂದು ಗಾಯ ತೊಳೆದು ಕ್ಯಾತಿಟರ್, ಅಂದ್ರೆ ಮೂತ್ರದ ನಳಿಕೆ, ಬದಲಿಸಿ ಹೋಗ್ತಾರೆ. ಅಜ್ಜ ಅಜ್ಜಿಯರಿಗೆ ಹಗಲು ಹೊತ್ತಿನ ಮನೆಗಳನ್ನೂ ಪಂಚಾಯ್ತಿಗಳೇ ನಡೆಸ್ತವೆ. ನಮ್ಮಲ್ಲೂ ಬೆಂಗಳೂರಿನೋರಿಗೆ ನಿಮ್ಹಾನ್ಸ್ ಇದೆ, ಕಸ್ತೂರಿನಗರದಲ್ಲಿ ಮರೆವಿನ ರೋಗಿಗಳಿಗೇ ನೈಟಿಂಗೇಲ್ಸ್‌ನವರ ಕೇಂದ್ರ ಇದೆ. ನಮ್ಮ ಶಿವಮೊಗ್ಗದಿಂದ ಹೆಚ್ಚುಕಮ್ಮಿ ಮುನ್ನೂರು ಕಿಲೋಮೀಟರ್. ಡೇ ಕೇರ್‌ಗೆ ಬೆಳಿಗ್ಗೆ ಬಿಟ್ಟು ಸಂಜೆ ಕರ್ಕೊಂಡು ಬರೋಣ ಅಂತೀರಾ?

ದೇಶದಲ್ಲಿ 60 ದಾಟಿದೋರಲ್ಲಿ 7.4 ಪರ್ಸೆಂಟ್, ಅಂದ್ರೆ ಸುಮಾರು 88 ಲಕ್ಷ ಜನಕ್ಕೆ ಡಿಮೆನ್ಷಿಯಾ, ಅದೇ ಮರೆವಿನ ರೋಗ, ಇದೆ ಅಂತ 2023ರಲ್ಲಿ ಬಂದ ಅಂದಾಜು. ಪೇಟೆ ಪಟ್ಟಣಗಳಿಗಿಂತ ಹಳ್ಳಿಗಳಲ್ಲೇ ಪ್ರಮಾಣ ಜಾಸ್ತಿ. ಅಷ್ಟು ಮನೆಗಳಲ್ಲಿ ಯಾರೋ ಒಬ್ಬರು ಬಾಗಿಲಿಗೆ ಚಿಲಕ ಹಾಕ್ಕೊಂಡು ಹಾಲು ತರೋಕೆ ಓಡ್ತಿದ್ದಾರೆ. 1975ರಲ್ಲಿ ಶುರು ಮಾಡಿ ಹಳ್ಳಿ ಹಳ್ಳಿಗೂ ಅಂಗನವಾಡಿ ಮಾಡಿದ ದೇಶಕ್ಕೆ ವಾರ್ಡಿಗೊಂದು ಹಗಲು ಕೇಂದ್ರ ಮಾಡೋಕಾಗಲ್ವಾ? ಮಹಡಿ ಮೇಲೆ ಬೇಡ ಅಷ್ಟೇ.

ಒಂದು ಮಾತು ಹೇಳ್ತೀನಿ, ಅನ್‌ಫ್ರೆಂಡ್ ಮಾಡೋರು ಮಾಡಿ. ಕೆಲವು ದಿನ ನನಗೆ, ಅತ್ತೆ ನಿದ್ದೇಲೇ ಹೋಗಿಬಿಡಲಿ ಅನ್ನಿಸುತ್ತೆ. ನನಗೆ ಪಿಯುಸಿಯಿಂದ ಮುಂದೆ ಓದಿ ಅಂತ ಹಟ ಹಿಡಿದು, ಮಾವನ ಹತ್ರ ಜಗಳ ಆಡಿ ಫೀಸು ಕಟ್ಟಿದ ಅತ್ತೆ ಇವರು. ಅವರ ಮೇಲೆ ಪ್ರೀತಿ ಇಲ್ಲದೆ ಬರೋ ಯೋಚನೆ ಅಲ್ಲ, ನಿದ್ದೆ ಇಲ್ಲದೆ ಬರೋದು. ಒಂದು ಭಾನುವಾರ ಸರಿಯಾಗಿ ಮಲಗಿ ಎದ್ದರೆ ಆ ಯೋಚನೆ ಮಾಯ. ಶ್ರವಣಕುಮಾರನ ಭಕ್ತರು ಇದಕ್ಕೆ ಏನಂತಾರೋ ಅನ್ನಲಿ.

ಇನ್ನು ಕೆಲಸದ ಮಾತು. ವಿನೋಬನಗರದ ಕಡೆ ಭಾನುವಾರ ಬೆಳಿಗ್ಗೆ ಎರಡು ಗಂಟೆ ಮಾತ್ರ ಬಂದು ಕೂತ್ಕೊಳ್ಳೋ, ವಯಸ್ಸಾದೋರನ್ನ ನೋಡ್ಕೊಂಡು ಅನುಭವ ಇರೋ ಹೆಂಗಸರು ಯಾರಾದ್ರೂ ಗೊತ್ತಿದ್ರೆ ಇನ್‌ಬಾಕ್ಸ್ ಮಾಡಿ. ದುಡ್ಡು ಅವರು ಕೇಳಿದಷ್ಟು. ಹಾಜರಿ ಕರೆದಾಗ "ಹಾಜರ್ ಟೀಚರ್" ಅನ್ನೋಕೆ ಬಂದ್ರೆ ಸಾಕು. "ಹ್ಯಾಟ್ಸ್ ಆಫ್ ಅಕ್ಕ", "ನೀವು ದೇವತೆ" ಅನ್ನೋ ಕಾಮೆಂಟುಗಳನ್ನ ಡಿಲೀಟ್ ಮಾಡ್ತೀನಿ. ಸನ್ಮಾನದ ಹಣ್ಣಿನ ಬುಟ್ಟೀಲಿ ಮೇಲಿದ್ದ ಸೇಬು ಬಿಟ್ರೆ ಕೆಳಗೆಲ್ಲ ಹುಲ್ಲಿತ್ತು, ಅದನ್ನೂ ಹೇಳಿಬಿಡ್ತೀನಿ.