ಎಂದೂ ಸೋಲದ ಮಾತ್ರೆ

ವಾಂತಿ ಭೇದಿಗಳ ವಿಷಯದಲ್ಲಿ ರೋಗನಿರ್ಣಯ ಮಾಡಲು ವೈದ್ಯರೇ ಬೇಕೆಂಬ ನಿಯಮವೇನೂ ಇಲ್ಲ. ರೋಗಿ ಬಚ್ಚಲಿನಿಂದ ಹೊರಬರುವಷ್ಟರಲ್ಲಿ, ಕೊನೆಯ ಸಲ ತಿಂದದ್ದೇ ಅಪರಾಧಿ ಎಂಬ ತೀರ್ಪನ್ನು ಮನೆಮಂದಿ ಕೊಟ್ಟಾಗಿರುತ್ತದೆ. ಇಂಥ ವಾಂತಿ ಭೇದಿಗೆ ಹಲವು ಸಲ ಕಾರಣವಾಗುವ ನೊರೊವೈರಸ್ ಎಂಬ ವೈರಸ್ ಹೊಟ್ಟೆ ಸೇರಿದ ಮೇಲೆ ಲಕ್ಷಣ ತೋರಿಸಲು ಸಾಮಾನ್ಯವಾಗಿ 12ರಿಂದ 48 ಗಂಟೆ ಹಿಡಿಯುತ್ತದೆ. ಹೀಗಾಗಿ ಆಗತಾನೇ ಉಂಡದ್ದರ ಮೇಲೆ ಈ ಆರೋಪ ನಿಲ್ಲುವುದಿಲ್ಲ ಎಂದು ವಾದಿಸುವವರಿಗೆ ಅಲ್ಲಿ ಬೆಲೆಯಿಲ್ಲ.

ತೀರ್ಪಿನ ಬೆನ್ನಿಗೇ ಆಂಟಿಬಯೋಟಿಕ್ ಬರುತ್ತದೆ. ಅದು ಬ್ಯಾಕ್ಟೀರಿಯಾದ ಮದ್ದು. ವೈರಸ್ಸಿನ ಕೂದಲನ್ನೂ ಅದು ಕೊಂಕಿಸಲಾರದು (ವೈರಸ್ಸಿಗೆ ಕೂದಲಿಲ್ಲ ಎಂಬುದು ಬೇರೆ ಮಾತು). ಆದರೂ ಈ ಮಾತ್ರೆ ಸೋತದ್ದನ್ನು ಕಂಡವರಿಲ್ಲ. ನೊರೊವೈರಸ್ಸಿನ ಕಾಟ ಬಹುತೇಕರಲ್ಲಿ ಒಂದರಿಂದ ಮೂರು ದಿನಗಳಲ್ಲಿ ತಾನಾಗಿಯೇ ಮುಗಿಯುವುದರಿಂದ, ಮೊದಲ ದಿನ ಮಾತ್ರೆ ನುಂಗಿದವರು ಮೂರನೆಯ ದಿನ ಎದ್ದು ಕುಳಿತು ಅದರ ಗುಣಗಾನ ಮಾಡುತ್ತಾರೆ. ಮಾತ್ರೆಯಿಂದಲೇ ಭೇದಿ ಹೆಚ್ಚಿದರೆ, ಅದೂ ಆಗುವುದುಂಟು, ಇನ್ನೂ ಬಲವಾದ ಮಾತ್ರೆ ಬೇಕಿತ್ತೆಂದು ಎಲ್ಲರೂ ಒಪ್ಪುತ್ತಾರೆ. ಈ ನಡುವೆ ನಿಜವಾಗಿ ಜೀವ ಉಳಿಸುವ ಉಪ್ಪು ಸಕ್ಕರೆಯ ಓಆರ್‌ಎಸ್ ದ್ರಾವಣ, ತೀರಾ ಅಗ್ಗವಾದ ತಪ್ಪಿಗೆ, ಯಾರ ಗೌರವಕ್ಕೂ ಪಾತ್ರವಾಗದೆ ಉಳಿಯುತ್ತದೆ.

ಪ್ರಯೋಗಾಲಯ ಹಿಂದುಳಿದಿದೆ ಎನ್ನುವಂತಿಲ್ಲ. 1973ರಲ್ಲಿ ಮೆಲ್ಬರ್ನ್‌ನ ರುತ್ ಬಿಷಪ್ ಮತ್ತು ಸಹೋದ್ಯೋಗಿಗಳು ಮಕ್ಕಳಲ್ಲಿ ಭೇದಿ ತರುವ ರೋಟಾವೈರಸ್ಸನ್ನು ಪತ್ತೆಹಚ್ಚಲು ಭೇದಿಯಿಂದ ನರಳುತ್ತಿದ್ದ ಮಕ್ಕಳ ಸಣ್ಣ ಕರುಳಿನ ಚೂರನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಡಿ ಇಡಬೇಕಾಗಿತ್ತು. ಈಗ ಚಿಟಿಕೆಯಷ್ಟು ಮಲ ಸಾಕು. ವೈರಸ್ಸಿನ ಪ್ರೋಟೀನನ್ನು ಗುರುತಿಸುವ ಆಂಟಿಜೆನ್ ಪರೀಕ್ಷೆ ರೋಟಾವೈರಸ್ಸನ್ನು ಬೇಗನೆ ಹಿಡಿಯುತ್ತದೆ; ನೊರೊ, ಆಸ್ಟ್ರೊ, ಸಾಪೊ, ಅಡಿನೊ ಎಂಬ ಉಳಿದ ವೈರಸ್ ಬಳಗವನ್ನು, ವೈರಸ್ಸಿನ ವಂಶವಾಹಿಯನ್ನು ಗುರುತಿಸುವ ಪಿಸಿಆರ್ ಪರೀಕ್ಷೆ ಕೆಲವೇ ಗಂಟೆಗಳಲ್ಲಿ ಹೆಸರಿಟ್ಟು ಕರೆಯುತ್ತದೆ. ಆದರೆ ಕೈಚಾಚಿ ರಕ್ತ ಕೊಡುವ ಮನುಷ್ಯನಿಗೆ ಮಲ ತುಂಬಿಕೊಡಬೇಕಾದ ಪುಟ್ಟ ಡಬ್ಬಿಯನ್ನು ಕಂಡೊಡನೆ ಎಲ್ಲಿಲ್ಲದ ಮರ್ಯಾದೆ ನೆನಪಾಗುತ್ತದೆ.

ಡಬ್ಬಿಯನ್ನು ಕೇಳುವ ವೈದ್ಯರೂ ಕಡಿಮೆ, ಅದಕ್ಕೆ ಸಕಾರಣವೂ ಇದೆ. ಆರೋಗ್ಯವಂತರಿಗೆ ಬಂದ ಸಾಮಾನ್ಯ ಭೇದಿಯಲ್ಲಿ ವೈರಸ್ಸಿನ ಹೆಸರು ತಿಳಿದರೂ ಚಿಕಿತ್ಸೆ ಬದಲಾಗುವುದಿಲ್ಲ. ರೋಗ ಒಮ್ಮೆಲೇ ಹಲವರಿಗೆ ಹರಡಿದಾಗ, ದಿನಗಟ್ಟಲೆ ನಿಲ್ಲದಿದ್ದಾಗ ಅಥವಾ ರೋಗಿಯ ನಿರೋಧಶಕ್ತಿ ಕುಗ್ಗಿದ್ದಾಗ ಪರೀಕ್ಷೆ ಅಗತ್ಯ. ಈ ವಾದಕ್ಕೆ ತಲೆಬಾಗಲೇಬೇಕು. ತಲೆ ಎತ್ತುವಷ್ಟರಲ್ಲಿ ಅದೇ ವೈದ್ಯರ ಲೇಖನಿ ಚೀಟಿಯ ಮೇಲೆ ಆಂಟಿಬಯೋಟಿಕ್ ಬರೆದಿರುತ್ತದೆ: ವೈರಸ್ಸೇ ಇರಬೇಕು, ಆದ್ದರಿಂದ ಪರೀಕ್ಷೆ ಬೇಡ, ಬ್ಯಾಕ್ಟೀರಿಯಾ ಇದ್ದರೂ ಇರಬಹುದು, ಆದ್ದರಿಂದ ಮಾತ್ರೆ ಇರಲಿ.

ಇಷ್ಟಾದರೂ ಹಟ ಹಿಡಿದು, ಗುಣವಾಗಿ ವಾರ ಕಳೆದ ಮೇಲೆ ಪರೀಕ್ಷೆ ಮಾಡಿಸಿಕೊಳ್ಳುವ ಪುಣ್ಯಾತ್ಮರೂ ಇದ್ದಾರೆ. ನೊರೊವೈರಸ್ಸಿನ ಅಂಶ ಚೇತರಿಕೆಯ ನಂತರವೂ ವಾರಗಟ್ಟಲೆ ಮಲದಲ್ಲಿ ಇಳಿಯುತ್ತಿರಬಹುದಾದ್ದರಿಂದ, ಪಿಸಿಆರ್ ಪ್ರಾಮಾಣಿಕವಾಗಿ ಪಾಸಿಟಿವ್ ಎನ್ನುತ್ತದೆ, ಮನೆಯವರು ಗಾಬರಿಯಾಗುತ್ತಾರೆ, ಹಸಿದು ಊಟಕ್ಕೆ ಕುಳಿತಿದ್ದ ಆ ಆರೋಗ್ಯವಂತರಿಗೆ ಆಂಟಿಬಯೋಟಿಕ್‌ನ ಎರಡನೆಯ ಕೋರ್ಸ್ ಆರಂಭವಾಗುತ್ತದೆ.