ಪೂರ್ತಿ ತೆಗೆದ್ರಾ ಅಂತ ಕೇಳುವವರಿಗೆ

ನಿನ್ನೆ ದೊಡ್ಡಪ್ಪ ನಮ್ಮ ಅತ್ತಿಗೆಯನ್ನು ನೋಡೋಕೆ ಬಂದಿದ್ದರು. ಕಾಫಿ ಲೋಟ ಕೈಗೆ ಬರುವ ಮೊದಲೇ ಶುರು. "ಗಡ್ಡೆ ಪೂರ್ತಿ ತೆಗೆದ್ರೇನಮ್ಮಾ?" "ಇಲ್ಲ ಮಾವ, ನರಕ್ಕೆ ಅಂಟಿದ್ದು ಒಂಚೂರು ಬಿಟ್ಟಿದ್ದಾರೆ" ಅಂದರು ಅತ್ತಿಗೆ. ಮುಗೀತು. "ಇವರೆಂಥಾ ಡಾಕ್ಟ್ರು! ಗರಿಕೆ ಕಿತ್ತರೆ ಬೇರು ಸಮೇತ ಕೀಳಬೇಕು."

ಅತ್ತಿಗೆ ಮುಖ ಸಣ್ಣಗಾಯಿತು. ದೊಡ್ಡವರಲ್ವಾ ಅಂತ ನಾನು ಸುಮ್ಮನಿದ್ದೆ. ಇಲ್ಲಿ ಸುಮ್ಮನಿರಲ್ಲ.

ಅತ್ತಿಗೆಗೆ ಆಗಿದ್ದು ಶ್ವಾನೋಮಾ. ನರದ ಹೊದಿಕೆಯ ಜೀವಕೋಶಗಳಿಂದ ಬೆಳೆಯುವ ಗಡ್ಡೆ. ಕ್ಯಾನ್ಸರ್ ಅಲ್ಲ. ಮೂಳೆಯಲ್ಲೇ ಹುಟ್ಟುವ ಗಡ್ಡೆಗಳಲ್ಲಿ ಇದು ನೂರಕ್ಕೆ ಒಂದೂ ಇಲ್ಲ. ಬಂದರೂ ಕೆಳದವಡೆಯಲ್ಲೇ ಜಾಸ್ತಿ. ಇವರಿಗೆ ಬಂದಿದ್ದು ಸೇಕ್ರಮ್‌ನಲ್ಲಿ, ಅಂದರೆ ಬೆನ್ನುಮೂಳೆ ಬುಡದ ತ್ರಿಕೋನದ ಮೂಳೆಯಲ್ಲಿ. ಬಹಳ ನಿಧಾನಕ್ಕೆ ಬೆಳೆಯುತ್ತೆ. ಎಕ್ಸ್‌ರೇ ತೆಗೆದರೆ ಆ ಜಾಗಕ್ಕೆ ಕರುಳಿನ ಗ್ಯಾಸ್ ಅಡ್ಡ ಬರುತ್ತೆ. "ಡಿಸ್ಕ್ ಇರಬೇಕು" ಅಂತ ವರ್ಷಗಟ್ಟಲೆ ಮುಲಾಮು ಹಚ್ಚಿದ್ದೇ ಬಂತು.

ಈಗ ಬೇರಿನ ವಿಷಯ. ಅದೇ ಮೂಳೆಯಲ್ಲಿ ಕಾರ್ಡೋಮಾ ಅಂತ ಇನ್ನೊಂದು ಬರುತ್ತೆ. ಸ್ಕ್ಯಾನ್‌ನಲ್ಲಿ ಎರಡೂ ಒಂದೇ ಥರ ಕಾಣಬಹುದು. ಕಾರ್ಡೋಮಾ ಕ್ಯಾನ್ಸರ್. ಅದನ್ನು ಒಡೆಯದೆ, ಸುತ್ತಲಿನ ಚೆನ್ನಾಗಿರೋ ಭಾಗವನ್ನೂ ಸೇರಿಸಿ ಇಡಿಯಾಗಿ ತೆಗೆಯೋಕೆ ನೋಡ್ತಾರೆ. ಅದಕ್ಕಾಗಿ ಎಷ್ಟೋ ಸಲ ನರವನ್ನೂ ಬಲಿ ಕೊಡಬೇಕಾಗುತ್ತೆ. ಅಲ್ಲಿ ದೊಡ್ಡಪ್ಪನ ಮಾತು ಸರಿ. ಶ್ವಾನೋಮಾಗೆ ಆ ಯುದ್ಧ ಬೇಕಿಲ್ಲ. ಕವಚ ಸೀಳಿ, ಒಳಗಿನದನ್ನು ಚೂರುಚೂರಾಗಿ ತೆಗೆಯಬಹುದು. ಯಾವುದು ಅಂತ ಖಾತ್ರಿ ಮಾಡಿಕೊಳ್ಳೋಕೇ ಮೊದಲು ಸೂಜಿ ಹಾಕಿ ಬಯಾಪ್ಸಿ ಮಾಡಿದ್ದು. ರಕ್ತ ಜಾಸ್ತಿ ಹೋಗಬಾರದು ಅಂತ ಗಡ್ಡೆಗೆ ರಕ್ತ ಹರಿಯುವ ನಾಳಗಳನ್ನು ಆಪರೇಷನ್‌ಗೆ ಮುಂಚೆಯೇ ಮುಚ್ಚಿದ್ದರು. ಇಷ್ಟೆಲ್ಲ ಯೋಚನೆ ಮಾಡಿದವರಿಗೆ ಆ ಚೂರು ಕೀಳೋಕೆ ಬರ್ತಿರಲಿಲ್ವಾ?

ಬರ್ತಿತ್ತು. ಅದು ಅಂಟಿಕೊಂಡಿದ್ದ ನರವೂ ಜೊತೆಗೆ ಬರ್ತಿತ್ತು. ಅಲ್ಲಿಂದ ಹೊರಡುವ ಎಸ್2, ಎಸ್3, ಎಸ್4 ನರಗಳ ಕೈಯಲ್ಲೇ ಉಚ್ಚೆ, ಕಕ್ಕಸಿನ ಹಿಡಿತ ಇರೋದು. ಎರಡೂ ಕಡೆಯವು ಹೋದರೆ ಜೀವನಪೂರ್ತಿ ಕ್ಯಾಥೆಟರ್, ಅಂದರೆ ಉಚ್ಚೆ ಹೊರಗೆ ತೆಗೆಯೋ ನಳಿಕೆ. ಆಗ ಅದನ್ನು ಬದಲಾಯಿಸೋಕೆ ದೊಡ್ಡಪ್ಪ ಬರ್ತಾರಾ?

"ಬಿಟ್ಟಿದ್ದು ಮತ್ತೆ ಬೆಳೆದರೆ?" ಬೆಳೆಯಬಹುದು. ಕೆಲವರಿಗೆ ಬೆಳೆದಿದೆ ಕೂಡ. ಅದಕ್ಕೇ ತಾನೇ ಆಗಾಗ ಎಂಆರ್‌ಐ ಮಾಡಿಸಿ ಅಂದಿರೋದು? ಬೆಳೆದರೆ ಮತ್ತೆ ಆಪರೇಷನ್ ಮಾಡಬಹುದು. ಕತ್ತರಿಸಿ ಎಸೆದ ನರವನ್ನು ಎಲ್ಲಿಂದ ತರೋದು?

ಒಂದು ವಿಷಯ ಹೇಳಿಬಿಡ್ತೀನಿ. ಆಪರೇಷನ್ ಮುಗಿಸಿ ಡಾಕ್ಟ್ರು ಹೊರಗೆ ಬಂದಾಗ ನಾನು ಗಡ್ಡೆ ಬಗ್ಗೆ ಕೇಳಲೇ ಇಲ್ಲ. "ಸರ್, ಅತ್ತಿಗೆಗೆ ಉಚ್ಚೆ ಮೇಲೆ ಹಿಡಿತ ಇರುತ್ತಾ?" ಅಂದೆ. ಅಣ್ಣ ತಲೆ ತಗ್ಗಿಸಿದ. ಅವನಿಗೂ ಅದೇ ಕೇಳಬೇಕಿತ್ತು, ಬಾಯಿ ಬಂದಿರಲಿಲ್ಲ.

ಅನುಮಾನ ಇದ್ದವರು ಆಪರೇಷನ್‌ಗೆ ಮೊದಲೇ ಬನ್ನಿ. ಬಯಾಪ್ಸಿಯ ಸ್ಲೈಡು, ಬ್ಲಾಕು (ಮೇಣದಲ್ಲಿ ಇಟ್ಟಿರೋ ಗಡ್ಡೆ ಚೂರು) ಇಸ್ಕೊಂಡು, ಅವನ್ನು ಪರೀಕ್ಷೆ ಮಾಡೋ ಇನ್ನೊಬ್ಬ ಡಾಕ್ಟ್ರು, ಅಂದರೆ ಪೆಥಾಲಜಿಸ್ಟ್ ಹತ್ತಿರ ತೋರಿಸಿ. ಯಾವ ನರ ಉಳಿಸ್ತೀರಿ, ಯಾವುದು ಉಳಿಯೋದು ಕಷ್ಟ ಅಂತ ಸರ್ಜನ್‌ ಎದುರಿಗೇ ಕೂತು ಕೇಳಿ. ಹೊಲಿಗೆ ಹಾಕಿಸ್ಕೊಂಡು ಮಲಗಿರೋರ ತಲೆದೆಸೆಯಲ್ಲಿ ಬಾಳೆಹಣ್ಣು ಇಟ್ಟು ಸರ್ಜರಿ ಪಾಠ ಮಾಡೋದಾದರೆ, ಬಾಳೆಹಣ್ಣು ಗೇಟಿನ ಹತ್ತಿರ ನನ್ನ ಕೈಗೇ ಕೊಟ್ಟು ಹೋಗಿ.