ದ್ವೀಪದ ಆಟಕ್ಕೆ ಫೋನಿನ ಜೊತೆ ಬೇಕೆ?

ಪ್ರಶ್ನೆ: ಮನೆ ಕಟ್ಟುತ್ತ, ತೋಟ ಮಾಡುತ್ತ, ನೆರೆಯವರೊಂದಿಗೆ ಬಾಳುವ ಕನ್ಸೋಲ್ ಆಟಗಳಿಗೆ ಸ್ಮಾರ್ಟ್‌ಫೋನಿನಲ್ಲಿ 'ಜೊತೆ ಆ್ಯಪ್', ಅಂದರೆ ಆಟಕ್ಕೆ ನೆರವಾಗುವ ಆ್ಯಪ್, ಇರಬೇಕೆ?

ಪರ: ಯಂತ್ರಕ್ಕಿಲ್ಲದ ಕಣ್ಣು, ಕೈ

ಬದುಕನ್ನೇ ಅನುಕರಿಸುವ ಇಂಥ ಲೈಫ್ ಸಿಮ್ಯುಲೇಶನ್ ಆಟಗಳಲ್ಲಿ ಗೆಲ್ಲುವುದು ಅಂತ ಒಂದಿಲ್ಲ. ಗಿಡ ನೆಡುವುದು, ಮೀನು ಹಿಡಿಯುವುದು, ನೆರೆಯವರ ಹುಟ್ಟುಹಬ್ಬಕ್ಕೆ ಉಡುಗೊರೆ ಒಯ್ಯುವುದು, ಕೋಣೆಯ ಕುರ್ಚಿಯನ್ನು ಹತ್ತು ಸಲ ಅತ್ತಿತ್ತ ಸರಿಸಿ ನೋಡುವುದು. ಹೀಗೆ ಕಟ್ಟಿದ್ದನ್ನು ಇನ್ನೊಬ್ಬರು ಬಂದು ನೋಡಿದಾಗ ಆಟಕ್ಕೆ ಜೀವ ಬರುತ್ತದೆ. ಆ ಬಂದುಹೋಗುವಿಕೆಯನ್ನು ಸಲೀಸು ಮಾಡುವ ಯಾವ ಸಲಕರಣೆಯೂ ನನಗೆ ಸ್ವಾಗತಾರ್ಹವೇ.

2020ರ ಮಾರ್ಚ್ 20ರಂದು ನಿಂಟೆಂಡೊ ಕಂಪನಿಯ ಸ್ವಿಚ್ ಕನ್ಸೋಲ್‌ಗೆ ಬಂದ 'ಆ್ಯನಿಮಲ್ ಕ್ರಾಸಿಂಗ್: ನ್ಯೂ ಹೊರೈಜನ್ಸ್' ಆಟವನ್ನೇ ನೋಡಿ. ಅದರಲ್ಲಿ ಆಡುವವರು ತಮ್ಮದೇ ದ್ವೀಪದಲ್ಲಿ ಊರು ಕಟ್ಟುತ್ತಾರೆ. ಗೆಳತಿಯ ದ್ವೀಪಕ್ಕೆ ಹೋಗಿ ಒಂದು ಮಾತು ಹೇಳಬೇಕೆಂದರೆ ಪರದೆಯ ಮೇಲಿನ ಕೀಲಿಮಣೆಯಲ್ಲಿ ಒಂದೊಂದೇ ಅಕ್ಷರ ಹುಡುಕಿ ಒತ್ತಬೇಕು. ನೀವು ಸಾಲು ಮುಗಿಸುವ ಹೊತ್ತಿಗೆ ಅವಳು ನದಿ ದಾಟಿ ಮ್ಯೂಸಿಯಂ ಒಳಗೆ ಹೋಗಿರುತ್ತಾಳೆ. ನಿಂಟೆಂಡೊ ಕೊಟ್ಟ ನೂಕ್‌ಲಿಂಕ್ ಎಂಬ ಜೊತೆ ಆ್ಯಪ್ ತೆರೆದರೆ ಫೋನಿನ ಕೀಲಿಮಣೆಯಲ್ಲೇ ಬರೆಯಬಹುದು, ಬೇಕಿದ್ದರೆ ಧ್ವನಿಯಲ್ಲೇ ಮಾತಾಡಬಹುದು. ಗುಂಡಿಗಳನ್ನು ಬೇಗ ಒತ್ತಲಾಗದ ಬೆರಳುಗಳಿಗೆ, ವಯಸ್ಸಾದವರಿಗೆ, ಆಟಕ್ಕೆ ಹೊಸಬರಿಗೆ ಇದು ಸಣ್ಣ ಅನುಕೂಲವಲ್ಲ. ಗುಂಪಿನಲ್ಲಿ ಮಾತಾಡುವುದೋ ಸುಮ್ಮನೆ ನಿಲ್ಲುವುದೋ ಎಂಬುದು ಅಷ್ಟರಲ್ಲೇ ತೀರ್ಮಾನವಾಗಿಬಿಡುತ್ತದೆ.

ಇನ್ನೊಂದು ಸಂಗತಿ ಕಣ್ಣಿನದು. ನಿಂಟೆಂಡೊದ ಹಿಂದಿನ ಕೈಸಾಧನ 3ಡಿಎಸ್‌ಗೆ ಹೊರಗಡೆ ಕ್ಯಾಮೆರಾ ಇತ್ತು. ಹಾಗಾಗಿ ಇದೇ ಸರಣಿಯ ಹಿಂದಿನ ಆಟ 'ನ್ಯೂ ಲೀಫ್'ನಲ್ಲಿ ಜನ ತಾವು ಬಿಡಿಸಿದ ಬಟ್ಟೆ, ಕಲ್ಲುಹಾಸು, ಬಾವುಟಗಳನ್ನು ಕ್ಯೂಆರ್ ಕೋಡ್ ಮಾಡಿ ಹಂಚಿದರು. ಸ್ವಿಚ್ ಬಂದಾಗ ಅಂಥ ಕ್ಯಾಮೆರಾ ಇರಲಿಲ್ಲ. ಫೋನ್ ಇಲ್ಲದಿದ್ದರೆ ವರ್ಷಗಟ್ಟಲೆ ಚುಕ್ಕಿ ಚುಕ್ಕಿ ಕೂಡಿಸಿ ಬಿಡಿಸಿದ ಆ ಚಿತ್ತಾರಗಳೆಲ್ಲ ಹಳೆಯ ಯಂತ್ರದಲ್ಲೇ ಉಳಿದುಹೋಗುತ್ತಿದ್ದವು. ನೂಕ್‌ಲಿಂಕ್ ಅವುಗಳನ್ನು ಓದಿ ಹೊಸ ದ್ವೀಪಕ್ಕೆ ಇಳಿಸಿತು. ಯಾರೋ ಅಪರಿಚಿತರು ಹಿಂದೆಂದೋ ಬಿಡಿಸಿದ ಇಟ್ಟಿಗೆ ದಾರಿಯ ಮೇಲೆ ಇಂದು ಇನ್ನೊಬ್ಬರು ನಡೆದಾಡುತ್ತಾರೆ. ಈ ಒಂದೇ ಕಾರಣಕ್ಕೂ ನಾನು ಆ ಆ್ಯಪ್ ಪರ ನಿಲ್ಲುತ್ತೇನೆ.

ಆಟಕ್ಕೆ ಎರಡನೆಯ ಸಾಧನ ಸೇರಿಸುವುದು ಇಂದಿನ ಚಾಳಿ ಎನ್ನುವವರು ಸ್ವಲ್ಪ ಹಿಂದಕ್ಕೆ ನೋಡಬೇಕು. 1998ರ 'ಸಾನಿಕ್ ಅಡ್ವೆಂಚರ್'ನಲ್ಲಿ ಚಾವೊ ಎಂಬ ಪುಟ್ಟ ಜೀವಿಯನ್ನು ಡ್ರೀಮ್‌ಕಾಸ್ಟ್ ಎಂಬ ಕನ್ಸೋಲ್‌ನ ಮೆಮೊರಿ ಕಾರ್ಡ್‌ಗೆ ಇಳಿಸಿ, ಆ ಕಾರ್ಡಿನ ಪುಟ್ಟ ಪರದೆಯಲ್ಲೇ ಸಾಕಬಹುದಿತ್ತು. ನಿಂಟೆಂಡೊದ ಹಳೆಯ ಕನ್ಸೋಲ್ ಗೇಮ್‌ಕ್ಯೂಬ್‌ನ 'ಆ್ಯನಿಮಲ್ ಕ್ರಾಸಿಂಗ್'ಗೆ ಗೇಮ್‌ಬಾಯ್ ಅಡ್ವಾನ್ಸ್ ಎಂಬ ಕೈಸಾಧನ ಜೋಡಿಸಿದರೆ ಕ್ಯಾಪ್ನ್ ಎಂಬ ದೋಣಿಯವನು ಹಾಡು ಹೇಳುತ್ತ ಬೇರೊಂದು ದ್ವೀಪಕ್ಕೆ ಕರೆದೊಯ್ಯುತ್ತಿದ್ದ. ಆ ದ್ವೀಪವನ್ನು ಕೈಸಾಧನಕ್ಕೆ ಇಳಿಸಿಕೊಂಡು ಟಿವಿಯಿಂದ ದೂರವೂ ನೋಡಿಕೊಳ್ಳಬಹುದಿತ್ತು. ಅಂದು ಕೇಬಲ್ ಮತ್ತು ಎರಡನೆಯ ಯಂತ್ರ ಎರಡನ್ನೂ ಹಣ ಕೊಟ್ಟು ತರಬೇಕಿತ್ತು. ಇಂದು ಆ ಜಾಗಕ್ಕೆ ಬಂದಿರುವ ಫೋನ್ ಹೇಗೂ ಜೇಬಿನಲ್ಲಿದೆ.

ಕನ್ಸೋಲ್ ಮನೆಯ ಎಲ್ಲರದ್ದಾಗಿದ್ದಾಗ ಮತ್ತೊಂದು ಲಾಭವಿದೆ. ಟಿವಿ ಮುಂದೆ ಇನ್ಯಾರೋ ಕೂತಿರುವಾಗ ನೀವು ಫೋನಿನಲ್ಲಿ ನಿಮ್ಮ ಕ್ಯಾಟಲಾಗ್, ಅಂದರೆ ಆಟದಲ್ಲಿ ಸಿಕ್ಕ ವಸ್ತುಗಳ ಪಟ್ಟಿ, ನೋಡಿ, ಗೆಳೆಯ ಕೊಡುತ್ತೇನೆಂದ ಮೇಜು ನಿಮ್ಮಲ್ಲಿ ಆಗಲೇ ಇದೆಯೇ ಎಂದು ಹೇಳಬಹುದು. ಯಾವ ಜೀವಿ ಯಾವಾಗ ಸಿಗುತ್ತದೆಂದು ಹೇಳುವ, ಹೊರಗಿನವರು ಮಾಡಿದ ಮಾರ್ಗದರ್ಶಿ ಆ್ಯಪ್‌ಗಳೂ ಹೀಗೆಯೇ. ನ್ಯೂ ಹೊರೈಜನ್ಸ್‌ನಲ್ಲಿ 80 ಮೀನು, 80 ಕೀಟ, 40 ಕಡಲಜೀವಿಗಳಿವೆ. ದಿನಕ್ಕೆ ಅರ್ಧ ಗಂಟೆ ಸಿಗುವವರು ಆ ಅರ್ಧ ಗಂಟೆಯನ್ನು ಸಿಗದ ಮೀನಿಗಾಗಿ ಕಾಯುತ್ತ ಕಳೆಯಬೇಕೆಂದು ನಾವ್ಯಾರು ಹೇಳಲು?

ಆ್ಯಪ್ ನಡೆಸುವ ಕಂಪನಿಯ ಸರ್ವರ್ ಮುಚ್ಚಿದರೆ ಎಲ್ಲ ಹೋಯಿತಲ್ಲ ಎಂಬ ಭಯ ನಿಜವಾದದ್ದು, ಆದರೆ ಅದಕ್ಕೆ ದಾರಿಯೂ ಇದೆ. ಇದೇ ಸರಣಿಯ ಫೋನ್ ಆಟ 'ಪಾಕೆಟ್ ಕ್ಯಾಂಪ್' 2024ರ ನವೆಂಬರ್ ಕೊನೆಗೆ ನಿಂತಾಗ, ಒಮ್ಮೆ ಹಣ ಕೊಟ್ಟರೆ ಸಾಕೆನ್ನುವ, ಸದಾ ಇಂಟರ್ನೆಟ್ ಬೇಡದ ಆವೃತ್ತಿ ಡಿಸೆಂಬರ್‌ನಲ್ಲೇ ಬಂತು. ಆಟದಲ್ಲಿ ಕಟ್ಟಿದ ಹಳೆಯ ಬಿಡಾರವನ್ನು ಅದಕ್ಕೆ ಸಾಗಿಸಿಕೊಳ್ಳಲೂ ಅವಕಾಶವಿತ್ತು. ಮನಸ್ಸಿದ್ದರೆ ಕಂಪನಿಗಳು ಇದನ್ನು ಮಾಡಬಲ್ಲವು.

ವಿರೋಧ: ದ್ವೀಪದ ಬಾಗಿಲಿಗೆ ಇನ್ನೊಂದು ಬೀಗ

ಕೀಲಿಮಣೆಯ ಮಾತನ್ನು ಮೊದಲೇ ಒಪ್ಪಿಬಿಡುತ್ತೇನೆ. ಬರೆಯಲು ಫೋನ್ ಸುಲಭ, ಸಂದೇಹವೇ ಇಲ್ಲ. ನನ್ನ ತಕರಾರು ಆ ಸುಲಭದ ಹಿಂದೆಯೇ ಒಳಬರುವ ಉಳಿದದ್ದರ ಬಗ್ಗೆ.

ಆ್ಯನಿಮಲ್ ಕ್ರಾಸಿಂಗ್ ನಿಜದ ಗಡಿಯಾರಕ್ಕೆ ತಕ್ಕಂತೆ ನಡೆಯುತ್ತದೆ. ಹೊರಗೆ ರಾತ್ರಿಯಾದರೆ ಅಲ್ಲೂ ರಾತ್ರಿ, ಅಂಗಡಿ ಮುಚ್ಚಿರುತ್ತದೆ. ಕೆಲವು ಜೀವಿಗಳು ಕೆಲವು ತಿಂಗಳುಗಳಲ್ಲಷ್ಟೇ, ಕೆಲವು ಹೊತ್ತಿನಲ್ಲಷ್ಟೇ ಬರುತ್ತವೆ. ಸೀಲಕಾಂತ್ ಎಂಬ ಪುರಾತನ ಮೀನು ಮಳೆಯೋ ಹಿಮವೋ ಬೀಳುವಾಗ ಮಾತ್ರ ಕಡಲಂಚಿಗೆ ಬರುತ್ತದೆ. ಆಟದೊಳಗೇ ಒಂದು ಫೋನ್ ಇದೆ ಎಂಬುದನ್ನು ಜನ ಮರೆಯುತ್ತಾರೆ. ನಕ್ಷೆ, ಕರಕುಶಲದ ಪಟ್ಟಿ, ಜೀವಿಗಳ ಕೈಪಿಡಿ ಎಲ್ಲವೂ ಅದರಲ್ಲಿವೆ. ಆ ಕೈಪಿಡಿಯಲ್ಲಿ, ನೀವು ಹಿಡಿಯದ ಜೀವಿಯ ಜಾಗ ಖಾಲಿ. ಒಮ್ಮೆ ಹಿಡಿದ ಮೇಲೆಯೇ ಅದು ಯಾವ ತಿಂಗಳು, ಯಾವ ವೇಳೆಗೆ ಸಿಗುತ್ತದೆಂದು ತೆರೆದುಕೊಳ್ಳುತ್ತದೆ. ಮಾಡಿದವರು ಬೇಕೆಂದೇ ಬಿಟ್ಟ ಖಾಲಿ ಅದು. ನೀವಾಗಿ ಸುತ್ತಾಡಿ, ಮಳೆಯಲ್ಲಿ ದಡಕ್ಕೆ ಹೋಗಿ, ನೆರಳು ಕಂಡು ಗಾಳ ಎಸೆಯಲಿ ಎಂಬ ಆಸೆ ಅದರಲ್ಲಿದೆ. ಮಾರ್ಗದರ್ಶಿ ಆ್ಯಪ್ ಮೊದಲ ದಿನವೇ ಆ ಖಾಲಿಯನ್ನು ತುಂಬಿಬಿಡುತ್ತದೆ. ಅರ್ಧ ಗಂಟೆ ಮಾತ್ರ ಇರುವವರ ಪರವಾಗಿ ಇದನ್ನು ಸಮರ್ಥಿಸುವುದು ನನಗೆ ಒಪ್ಪಿಗೆಯಾಗದು. ಆ ಅರ್ಧ ಗಂಟೆಯಲ್ಲಿ ಅವರಿಗೆ ಸಿಗಬೇಕಾದದ್ದು ಪಟ್ಟಿಯ ಒಂದು ಗುರುತೋ, ದಡದ ಮೇಲಿನ ನಡಿಗೆಯೋ?

ಚಿತ್ರಗಳ ಉದಾಹರಣೆ ಇನ್ನೂ ನೋವಿನದು. ರೆಡ್ ಎಂಬ ನರಿ ಹಡಗಿನಲ್ಲಿ ಕಲಾಕೃತಿಗಳನ್ನು ತಂದು ಮಾರುತ್ತಾನೆ, ಅವುಗಳಲ್ಲಿ ನಕಲಿಗಳೂ ಇರುತ್ತವೆ. ನಕಲಿ ಮೋನಾಲಿಸಾಳ ಹುಬ್ಬು ಮೇಲೇರಿರುತ್ತದೆ. ವರ್ಮೀರ್‌ನ ಮುತ್ತಿನೋಲೆಯ ಹುಡುಗಿಯ ನಕಲಿಯಲ್ಲಿ ಓಲೆ ನಕ್ಷತ್ರದ ಆಕಾರದ್ದು. ಹತ್ತಿರ ಹೋಗಿ ದಿಟ್ಟಿಸಬೇಕು, ಮೂಲ ಚಿತ್ರ ಹೇಗಿತ್ತೆಂದು ನೆನೆಯಬೇಕು, ಗೊತ್ತಿಲ್ಲದಿದ್ದರೆ ಹುಡುಕಿ ಓದಬೇಕು. ಮೋಸಹೋದರೆ ಮ್ಯೂಸಿಯಂನ ಗೂಬೆ ಬ್ಲಾದರ್ಸ್ ಅದನ್ನು ತೆಗೆದುಕೊಳ್ಳುವುದಿಲ್ಲ. ಮಕ್ಕಳನ್ನು ಚಿತ್ರಕಲೆಯ ಮುಂದೆ ನಿಲ್ಲಿಸುವುದಕ್ಕೆ ಇಷ್ಟು ಚೆಂದದ ಉಪಾಯ ಬೇರೆ ಆಟದಲ್ಲಿ ನಾನು ಕಂಡಿಲ್ಲ. ಅಸಲಿ ನಕಲಿಗಳನ್ನು ಪಕ್ಕಪಕ್ಕ ಇಟ್ಟು ಗುರುತು ಹಾಕಿ ತೋರಿಸುವ ಆ್ಯಪ್ ಕೈಯಲ್ಲಿದ್ದರೆ ಯಾರೂ ಚಿತ್ರ ನೋಡುವುದಿಲ್ಲ, ಗುರುತನ್ನಷ್ಟೇ ನೋಡುತ್ತಾರೆ.

ಆಟದೊಳಗಿನ ಟರ್ನಿಪ್ ಗೆಡ್ಡೆಯ ವ್ಯಾಪಾರವೂ ಹೀಗೇ ಆಯಿತು. ಭಾನುವಾರ ಬೆಳಿಗ್ಗೆ ಕೊಂಡ ಗೆಡ್ಡೆಯನ್ನು ಮುಂದಿನ ಭಾನುವಾರದೊಳಗೆ ಮಾರದಿದ್ದರೆ ಕೊಳೆಯುತ್ತದೆ. ಬೆಲೆ ದಿನಕ್ಕೆ ಎರಡು ಸಲ ಬದಲಾಗುತ್ತದೆ. ಇಷ್ಟರಲ್ಲೇ ಆಸೆ, ಅಳುಕು, ನೆರೆಯವರನ್ನು ಕೇಳುವ ನೆಪ ಎಲ್ಲವೂ ಇದ್ದವು. ಆಟದ ಕೋಡ್ ಬಿಡಿಸಿ ನೋಡಿದವರು ಬೆಲೆ ಏರಿಳಿಯುವ ನಾಲ್ಕು ಬಗೆಗಳನ್ನು ಪತ್ತೆಹಚ್ಚಿ, ಮುಂದಿನ ಬೆಲೆ ಊಹಿಸುವ ಸಲಕರಣೆ ಮಾಡಿದರು. ದ್ವೀಪದ ಹವಾಮಾನ ಊಹಿಸುವುದೂ ಬಂತು. ಯಾವ ರಾತ್ರಿ ಉಲ್ಕೆ ಬೀಳುತ್ತದೆಂದು ಮೊದಲೇ ತಿಳಿದವರು ಆಕಾಶ ನೋಡುವುದು ಆ ರಾತ್ರಿ ಮಾತ್ರ. ಆ ಜಾಣರ ಶ್ರಮದ ಮೇಲೆ ನನಗೆ ಗೌರವವಿದೆ. ಆದರೂ ನಿಧಾನಕ್ಕೆಂದೇ ಕಟ್ಟಿದ ಆಟವೊಂದು ಅದರಿಂದ ಲೆಕ್ಕದ ಪುಸ್ತಕವಾಯಿತು ಎಂಬುದನ್ನು ಹೇಳದೆ ಇರಲಾರೆ.

ಹೊರಗಿನವರ ಆ್ಯಪ್‌ಗಳಿಗೆ ಕಂಪನಿ ಹೊಣೆಯಲ್ಲ ಎನ್ನಬಹುದು. ಸರಿ, ಅಧಿಕೃತ ಆ್ಯಪ್ ನೋಡೋಣ. 2021ರ ನವೆಂಬರ್‌ನಿಂದ ನೂಕ್‌ಲಿಂಕ್‌ನಲ್ಲಿ ಅಂಕಗಳ ವ್ಯವಸ್ಥೆ ಬಂತು. ದಿನವೂ ಆ್ಯಪ್ ತೆರೆದರೆ ಅಂಕ, ಅಂಕಕ್ಕೆ ಆಟದೊಳಗಿನ ವಸ್ತು. ಆಟದೊಳಗೂ ದಿನದ ಬಹುಮಾನವಿದೆ ನಿಜ. ಆದರೆ ಅದಕ್ಕೆ ಮನೆಯಿಂದ ಹೊರಟು ಊರ ಕಚೇರಿಯ ಟರ್ಮಿನಲ್‌ವರೆಗೆ ನಡೆಯಬೇಕು. ದಾರಿಯಲ್ಲಿ ಯಾರೋ ಮಾತಾಡಿಸುತ್ತಾರೆ, ಎಲ್ಲೋ ಕಳೆ ಬೆಳೆದದ್ದು ಕಾಣುತ್ತದೆ. ಆ್ಯಪ್‌ನಲ್ಲಿ ದಾರಿಯೇ ಇಲ್ಲ. ಫೋನಿನ ಬೇರೆಲ್ಲ ಆ್ಯಪ್‌ಗಳಂತೆ ತೆರೆ, ಒತ್ತು, ಮುಚ್ಚು. ಫೋನ್ ಬದಿಗಿಟ್ಟು ಕೂರಲೆಂದು ಆಡುವ ಆಟವೇ ಫೋನ್ ಕೈಗೆತ್ತಿಕೋ ಎಂದು ದಿನವೂ ಕರೆಯುವುದು ನನಗೆ ತೀರ ಅನ್ಯಾಯವಾಗಿ ಕಾಣುತ್ತದೆ.

ಕ್ಯೂಆರ್ ಕೋಡ್ ಬಗ್ಗೆ ಪರದವರು ಹೇಳಿದ್ದನ್ನು ತಿರುಗಿಸಿ ನೋಡಿ. ನ್ಯೂ ಲೀಫ್‌ನಲ್ಲಿ ಹೊಲಿಗೆ ಯಂತ್ರದ ಮುಂದೆ ನಿಂತು, ಸಾಧನದ ಕ್ಯಾಮೆರಾಗೆ ಚಿತ್ರ ತೋರಿಸಿದರೆ ಮುಗಿಯಿತು. ಖಾತೆ ಬೇಡ, ಚಂದಾ ಬೇಡ. 2024ರ ಏಪ್ರಿಲ್‌ನಲ್ಲಿ 3ಡಿಎಸ್‌ನ ಆನ್‌ಲೈನ್ ಆಟ ನಿಂತಿತು. ಆದರೂ ಕಾಗದದ ಮೇಲೆ ಅಚ್ಚಾದ ಆ ಕೋಡ್‌ಗಳನ್ನು ಹಳೆಯ ಯಂತ್ರ ಇವತ್ತಿಗೂ ಓದುತ್ತದೆ. ನೂಕ್‌ಲಿಂಕ್‌ಗೆ ನಿಂಟೆಂಡೊ ಖಾತೆ, ಆನ್‌ಲೈನ್ ಚಂದಾ, ಸರ್ವರ್ ಮೂರೂ ಬೇಕು. ಮೊದಲು ಆಟದೊಳಗೇ ಇದ್ದ ಸೌಲಭ್ಯವೊಂದನ್ನು ಹೊರಗಿಟ್ಟು, ಅದಕ್ಕೆ ಬಾಡಿಗೆ ಕೇಳಿದಂತಾಯಿತು.

ಸರ್ವರ್ ಎಷ್ಟು ದಿನದ್ದು? 'ಮೀಟೊಮೊ' ಎಂಬ ನಿಂಟೆಂಡೊ ಆ್ಯಪ್ 2016ರ ಮಾರ್ಚ್‌ನಲ್ಲಿ ಬಂದು 2018ರ ಮೇ 9ಕ್ಕೆ ಮುಚ್ಚಿತು. ಪಾಕೆಟ್ ಕ್ಯಾಂಪ್‌ಗೆ ಒಳ್ಳೆಯ ಕೊನೆ ಸಿಕ್ಕಿತು ನಿಜ. ಆದರೆ ಅದಕ್ಕೆ ಮೊದಲು ಅದೃಷ್ಟದ ಕುಕೀ ಒಡೆದು ವಸ್ತು ಪಡೆಯುವ, ಹಣ ತಿನ್ನುವ ಏಳು ವರ್ಷಗಳಿದ್ದವು. ಒಳಗೇನಿದೆಯೆಂದು ತಿಳಿಯದೆ ಕೊಳ್ಳುವ ಇಂಥ ಅದೃಷ್ಟದ ಪೆಟ್ಟಿಗೆಗಳ ಮೇಲಿನ ಬೆಲ್ಜಿಯಂನ ಕಾನೂನಿನ ನಿಲುವಿನಿಂದಾಗಿ 2019ರ ಆಗಸ್ಟ್‌ನಲ್ಲಿ ಆ ದೇಶದಲ್ಲಿ ಆಟವೇ ನಿಂತಿತು. ಒಂದು ಒಳ್ಳೆಯ ಮುಕ್ತಾಯವನ್ನು ತೋರಿಸಿ ಉಳಿದ ಎಲ್ಲಕ್ಕೂ ಜಾಮೀನು ಕೊಡಲಾಗದು.

ಜೊತೆ ಆ್ಯಪ್ ಇಲ್ಲದೆಯೂ ಒಂದು ಊರು ತುಂಬಿ ತುಳುಕಬಲ್ಲದು. ಎರಿಕ್ ಬ್ಯಾರೋನ್ ಒಬ್ಬರೇ ಕೂತು ಮಾಡಿ 2016ರಲ್ಲಿ ಬಿಟ್ಟ 'ಸ್ಟಾರ್‌ಡ್ಯೂ ವ್ಯಾಲಿ'ಯಲ್ಲಿ ನಾಳೆಯ ಹವಾಮಾನ ಹೇಳುವುದು ನಿಮ್ಮ ಗುಡಿಸಲಿನ ಟಿವಿ. ಯಾರಿಗೆ ಏನಿಷ್ಟವೆಂದು ತಿಳಿಯುವುದು ಮಾತಾಡಿಸಿ, ಕೊಟ್ಟು ನೋಡಿ. ತಿಳಿದದ್ದನ್ನು ಆಟವೇ ನೆನಪಿಟ್ಟುಕೊಳ್ಳುತ್ತದೆ. ಮುಂದೆ ಅದು ಫೋನಿಗೂ ಬಂತು, ಆದರೆ ಇಡೀ ಆಟವಾಗಿ ಬಂತು.

ಫೋನ್ ಇಲ್ಲದೆ ಮಾತಾಡುವುದು ಹೇಗೆ ಎಂಬ ಪ್ರಶ್ನೆಗೂ ಯಂತ್ರ ಮಾಡುವವರೇ ಉತ್ತರ ಕೊಟ್ಟಿದ್ದಾರೆ. 2025ರ ಜೂನ್ 5ರಂದು ಬಂದ ಸ್ವಿಚ್ 2ರಲ್ಲಿ ಮೈಕ್ ಒಳಗೇ ಇದೆ, ಆಡುತ್ತಲೇ ಮಾತಾಡುವ ಗೇಮ್‌ಚಾಟ್ ಸೌಲಭ್ಯಕ್ಕೆ ಕಂಟ್ರೋಲರ್‌ನಲ್ಲೇ ಗುಂಡಿ ಇದೆ. ಕ್ಯಾಟಲಾಗ್, ಕ್ಯೂಆರ್ ಓದುವಿಕೆ, ಚಿತ್ತಾರಗಳ ವಿನಿಮಯ ಇವೂ ಹಾಗೆಯೇ ಆಟದೊಳಕ್ಕೆ ಮರಳಲಿ. ಅಲ್ಲಿಯವರೆಗೆ ಫೋನಿನ ಕೀಲಿಮಣೆ ಬಳಸುವವರು ಬಳಸಲಿ, ದಿನದ ಅಂಕದ ಗುಂಡಿಯನ್ನು ಮಾತ್ರ ಕಂಪನಿ ತೆಗೆದುಹಾಕಲಿ.